ಇಡೀ ಕುಂಬಳಕಾಯಿ

ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಒಂದು ಮನೆಯಿದೆ. ಅದಕ್ಕೆ ಕಾಲಿಂಗ್ ಬೆಲ್ ಇದೆ, ಆದರೆ ಒತ್ತಿದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಮೊದಲ ಸಲ ಹೋದಾಗ ನಾನು ಮೂರು ಬಾರಿ ಬೆಲ್ ಒತ್ತಿ, ಬಿಸಿಲಿನಲ್ಲಿ ಬೆವರುತ್ತಾ ನಿಂತಿದ್ದೆ. ಒಳಗೆ ರೇಡಿಯೊ ಹಾಡುತ್ತಿತ್ತು, ಬಾಣಲೆಯಲ್ಲಿ ಏನೋ ಚುರುಗುಟ್ಟುತ್ತಿತ್ತು. ಮನುಷ್ಯರಿರುವುದಂತೂ ಖಚಿತ. ಕೊನೆಗೆ ಕಿಟಕಿಯ ಪರದೆ ಸರಿಸಿ ಮನೆಯಾಕೆ ಇಣುಕಿದರು.

"ಬೆಲ್ ಒತ್ತೋರು ಪಾರ್ಸಲ್‌ನವರು. ನೀನು ಪಾರ್ಸಲ್ ತಂದಿದ್ದೀಯಾ?"

"ಇಲ್ಲ ಆಂಟಿ, ನೀವೇ ಊಟಕ್ಕೆ ಕರೆದಿದ್ರಿ."

"ಹಾಗಾದ್ರೆ ಓನೇ ಅನ್ನು."

ಅಂದೆ. ಒಳಗಿನಿಂದ "ರೆಸ್ಪೇ" ಎಂಬ ಉತ್ತರ ಬಂತು, ಬಾಗಿಲು ತೆರೆಯಿತು. ಓನೇ ಎಂದರೆ ಗೌರವ, ರೆಸ್ಪೇ ಎಂದರೆ ಮರ್ಯಾದೆ. ಹೊರಗಿನವರು ಗೌರವ ಎಂದು ಕೂಗಬೇಕು, ಒಳಗಿನವರು ಮರ್ಯಾದೆ ಎಂದು ಬರಮಾಡಿಕೊಳ್ಳಬೇಕು. ಅವರ ಊರಿನ ಹಳೆಯ ಪದ್ಧತಿಯಂತೆ. ನಮ್ಮ ಮಂಡ್ಯದ ಬೀದಿಯಲ್ಲಿ "ಯಾರವ್ವಾ ಒಳ್ಗೆ?" ಎಂದು ಕೇಳುತ್ತಲೇ ಜನ ಅಡುಗೆಮನೆ ಹೊಕ್ಕಿರುತ್ತಾರೆ. ನಾನಿರುವ ವೆಸ್ಟ್‌ಮೀಡ್‌ನ ಫ್ಲ್ಯಾಟಿನಲ್ಲಿ ಇಂಟರ್‌ಕಾಮ್‌ಗೆ ನಂಬರ್ ಒತ್ತಬೇಕು. ಎದುರು ಮನೆಯವರನ್ನು ನಾನು ಈಗಲೂ ಅವರ ಚಪ್ಪಲಿಗಳಿಂದಲೇ ಗುರುತಿಸುವುದು. ಎರಡು ಪದಕ್ಕೆ ತೆರೆಯುವ ಬಾಗಿಲನ್ನು ಅಂದು ಮೊದಲು ಕಂಡೆ.

ಮನೆಯಾಕೆಯ ಹೆಸರು ಸೊಲಾಂಜ್, ವಯಸ್ಸು ಅರವತ್ತರ ಮೇಲೆ, ಊರು ಹೈಟಿ. ನಾನಂತೂ ಅದನ್ನು ತಹೀತಿ ಎಂದುಕೊಂಡು, "ಹತ್ತಿರವೇ ಆಯ್ತಲ್ಲ" ಎಂದುಬಿಟ್ಟಿದ್ದೆ. "ಈ ದೇಶದವರೆಲ್ಲ ನನ್ನನ್ನ ತಹೀತಿಗೆ ಕಳಿಸ್ತಾರೆ. ಒಬ್ಬರೂ ಟಿಕೆಟ್ ಕೊಡಿಸಿಲ್ಲ," ಎಂದರು. ಹೈಟಿ ಇರುವುದು ಭೂಮಿಯ ಆ ಕಡೆ, ಅಮೆರಿಕದ ಕೆಳಗಿನ ಕೆರಿಬಿಯನ್ ಸಮುದ್ರದಲ್ಲಿ. ಹಡಗಿನ ಅಡುಗೆಯವನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು ಅವರು. ಗಂಡ ತೀರಿಕೊಂಡ ಮೇಲೂ ಇಲ್ಲಿಯೇ ಉಳಿದರು. ನಾನು ರೂಢಿಯಂತೆ ಆಂಟಿ ಎಂದಾಗ ಅವರಿಗೆ ವಿಚಿತ್ರವೆನಿಸಲಿಲ್ಲ. ಅವರಲ್ಲೂ ಹಿರಿಯ ಹೆಂಗಸರನ್ನು "ತಾಂತ್" ಎಂದೇ ಕರೆಯುತ್ತಾರೆ, ಅದಕ್ಕೂ ಅದೇ ಅರ್ಥ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಅದು ಕನ್ನಡವಾಗಿಯೇ ಕೇಳುತ್ತದೆ.

ನಮ್ಮ ಪರಿಚಯವಾದದ್ದು ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ. ಕೊನೆಯ ಬಾಳೆಕಾಯಿ ಚಿಪ್ಪಿಗೆ ಇಬ್ಬರೂ ಒಟ್ಟಿಗೆ ಕೈಹಾಕಿದ್ದೆವು. ಅರ್ಧರ್ಧ ಹಂಚಿಕೊಂಡೆವು. ಅವರು ಅದನ್ನು ಕರಿದು, ಚಪ್ಪಟೆಯಾಗಿ ಒತ್ತಿ, ಮತ್ತೆ ಕರಿಯುತ್ತಾರೆ. ಜೊತೆಗೆ ಪಿಕ್ಲೀಜ್. ಎಲೆಕೋಸು, ಕ್ಯಾರೆಟ್ ಮತ್ತು ಹುಚ್ಚು ಖಾರದ ಮೆಣಸಿನಕಾಯಿಯನ್ನು ವಿನೆಗರ್‌ನಲ್ಲಿ ನೆನೆಸಿದ್ದು. ಅದನ್ನೇ ಬಾಟಲಿಗೆ ತುಂಬಿ ಮಾರುವುದು ಅವರ ವ್ಯಾಪಾರ. ಅಂಗಡಿಯವರು ಆ ಬಾಟಲಿಗಳನ್ನು ಮಾವಿನಕಾಯಿ, ನಿಂಬೆಕಾಯಿ ಉಪ್ಪಿನಕಾಯಿಗಳ ನಡುವೆ ಸಾಲಾಗಿ ಇಟ್ಟಿದ್ದಾರೆ. ಅದು ಆಂಧ್ರದ್ದೋ ಕೇರಳದ್ದೋ ಎಂದು ಗಿರಾಕಿಗಳು ವಾದ ಮಾಡಿದ್ದನ್ನು ಕೇಳಿದ್ದೇನೆ. ನಾನು ಮೊಸರನ್ನಕ್ಕೆ ನೆಂಚಿಕೊಂಡು ಮೊದಲ ತುತ್ತಿಗೇ ಕಣ್ಣೀರು ಸುರಿಸಿದೆ. ಎರಡನೇ ತುತ್ತಿಗೆ ಅದರ ಸಾಕುಮಗಳಾದೆ.

ನನ್ನ ಗಂಡ ಸತೀಶ ಇರುವುದು ಮೆಲ್ಬರ್ನ್‌ನಲ್ಲಿ. ಮದುವೆಯಾದ ಹೊಸತರಲ್ಲಿ ನಾನೂ ಅಲ್ಲೇ ಇದ್ದೆ. ಆಮೇಲೆ ವೆಸ್ಟ್‌ಮೀಡ್‌ನಲ್ಲಿ ಫಿಸಿಯೋಥೆರಪಿಸ್ಟ್ ಕೆಲಸ ಸಿಕ್ಕಿತು. ಇಲ್ಲಿ ಕಾಯಂ ನೆಲೆಸಲು ಅನುಮತಿ ಕೊಡುವ ಪಿಆರ್ ಬರುವವರೆಗೆ ಇಬ್ಬರಲ್ಲಿ ಯಾರೂ ಕೆಲಸ ಬಿಡುವಂತಿರಲಿಲ್ಲ, ಹೀಗಾಗಿ ಎರಡು ಊರಿನಲ್ಲಿ ಎರಡು ರೆಂಟು. ನಾನು ಮೆಲ್ಬರ್ನ್‌ಗೆ ಹೊರಟಾಗಲೆಲ್ಲ ಆಂಟಿ ಆರು ಬಾಟಲಿ ಪಿಕ್ಲೀಜ್ ಕಟ್ಟಿಕೊಡುತ್ತಿದ್ದರು. ಫುಟ್ಸ್‌ಕ್ರೇ ಎಂಬ ಸಬರ್ಬ್‌ನಲ್ಲಿ ಅವರ ದೇಶದ ರೋಬೇರ್ ಎಂಬವರ ಕ್ಷೌರದಂಗಡಿ ಇದೆ, ಅಲ್ಲಿಗೆ ತಲುಪಿಸಬೇಕು. ಮೊದಲ ಸಲ ಬಾಗಿಲಲ್ಲಿ ನಿಂತು ಓನೇ ಎಂದಾಗ ರೋಬೇರ್ ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ತಿರುಗಿದರು. ಸೀರೆಯಂಥ ದುಪಟ್ಟಾ ಹೊದ್ದ ನನ್ನನ್ನು ಎರಡೆರಡು ಸಲ ನೋಡಿದರು. ಆಮೇಲೆ ಮೆಲ್ಲಗೆ "ರೆಸ್ಪೇ" ಎಂದು, ಕೈ ಒರೆಸಿಕೊಂಡು, ಬಾಟಲಿಗಳನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು.

"ನಾವಿಲ್ಲಿ ತುಂಬ ಜನ ಇಲ್ಲ. ಆದ್ರೆ ಜನವರಿ ಒಂದಕ್ಕೆ ಎಲ್ಲರೂ ಸಿಡ್ನಿಗೆ ಹೋಗ್ತೀವಿ, ತಾಂತ್ ಸೊಲಾಂಜ್ ಮನೆಗೆ," ಎಂದರು.

"ಹತ್ತು ಗಂಟೆ ಡ್ರೈವ್ ಮಾಡ್ಕೊಂಡಾ? ಏನಿದೆ ಅವತ್ತು?"

"ಒಂದು ಬಟ್ಟಲು ಸೂಪು."

ಆ ಸೂಪಿನ ಕಥೆಯನ್ನು ಅವರೇ ಹೇಳಿದರು. ಅದರ ಹೆಸರು ಸೂಪ್ ಜೂಮೂ, ಅಂದರೆ ಕುಂಬಳಕಾಯಿ ಸಾರು. ಹೈಟಿ ಫ್ರೆಂಚರ ಕೈಯಲ್ಲಿದ್ದಾಗ ತೋಟದ ಧಣಿಗಳ ಮನೆಯಲ್ಲಿ ಅದನ್ನು ಬೇಯಿಸುತ್ತಿದ್ದವರು ಗುಲಾಮ ಹೆಂಗಸರು. ಕುಡಿಯುವುದು ಮಾತ್ರ ಅವರಿಗೆ ನಿಷಿದ್ಧ. ಗುಲಾಮರು ತಾವೇ ಎದ್ದು ಹೋರಾಡಿ ದೇಶವನ್ನು ಬಿಡಿಸಿಕೊಂಡ ದಿನ ಜನವರಿ ಒಂದು. ಅಂದು ಎಲ್ಲರೂ ಕುಡಿದದ್ದು ಆ ಸಾರನ್ನೇ ಅಂತೆ. ಅಂದಿನಿಂದ ಹೊಸ ವರ್ಷದ ಬೆಳಿಗ್ಗೆ ಹೈಟಿಯವರು ಯಾವ ದೇಶದಲ್ಲಿದ್ದರೂ ಅದನ್ನು ಕುಡಿಯಬೇಕು, ಬಂದವರಿಗೆಲ್ಲ ಕುಡಿಸಬೇಕು. ನಮಗೆ ಸ್ವಾತಂತ್ರ್ಯ ದಿನವೆಂದರೆ ಶಾಲೆಯ ಅಂಗಳದ ಧ್ವಜ, ಅಂಗೈಯಲ್ಲಿ ಎರಡು ಮಿಠಾಯಿ. ಇವರು ಬಿಡುಗಡೆಯನ್ನು ಬಟ್ಟಲಿಗೆ ಬಡಿಸಿಕೊಂಡು ಕುಡಿಯುತ್ತಾರೆ. ನನಗೆ ಕೈಮುಗಿಯಬೇಕು ಅನ್ನಿಸಿತು.

ಕಳೆದ ಡಿಸೆಂಬರಿನಲ್ಲಿ ಆಂಟಿ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ನಾನು ನೋಡಲು ಹೋದಾಗ ಅವರು ನೋವಿನ ಮಾತೇ ಆಡಲಿಲ್ಲ.

"ಜನವರಿ ಒಂದರ ಹೊತ್ತಿಗೆ ಚಾಕು ಹಿಡೀಬಹುದಾ?"

"ಸಾಧ್ಯವೇ ಇಲ್ಲ ಆಂಟಿ."

"ಒಂದು ವರ್ಷವೂ ತಪ್ಪಿಸಿಲ್ಲ. ಗಂಡ ಸತ್ತ ವರ್ಷವೂ ಮಾಡಿದೀನಿ. ಅವರು ಅಷ್ಟು ದೂರದಿಂದ ಬಂದು ಬರೀ ಬಟ್ಟಲು ನೋಡ್ಬೇಕಾ?" ಪಟ್ಟಿ ಸುತ್ತಿದ ಕೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ, "ನಿನ್ನ ಕೈ ಕೊಡು," ಎಂದರು.

ಕನ್ನಡದಲ್ಲಿ ಕೈಕೊಡುವುದೆಂದರೆ ಬೇರೆಯೇ ಅರ್ಥ ಎಂದು ಅವರಿಗೇನು ಗೊತ್ತು. ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮೂವತ್ತೊಂದರ ಮಧ್ಯಾಹ್ನ ಹೋದೆ. ಹಿಂದಿನ ದಿನವೇ ಕುಂಬಳಕಾಯಿಯನ್ನು ಬೇಯಿಸಿ ರುಬ್ಬಿಟ್ಟರೆ ಬೆಳಿಗ್ಗೆ ಸಾರು ಹದವಾಗುತ್ತದೆ ಎಂಬುದು ಅವರ ಲೆಕ್ಕ. ಮೇಜಿನ ಮೇಲೆ ಅದು ಕೂತಿತ್ತು. ಹಸಿರು ಸಿಪ್ಪೆಯ, ಎರಡು ಕೈಯಲ್ಲಿ ಎತ್ತಬೇಕಾದ ಇಡೀ ಕುಂಬಳಕಾಯಿ. ಪಕ್ಕದಲ್ಲಿ ಉದ್ದನೆಯ ಚಾಕು. ನನ್ನ ಕಾಲು ಅಲ್ಲೇ ನಿಂತಿತು.

ಓದುವ ಹೆಂಗಸರಿಗೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ಇಡೀ ಕುಂಬಳಕಾಯಿ ಕುಯ್ಯಬಾರದು. ಅದು ಮನೆಯ ಹಿರಿಮಗ ಇದ್ದ ಹಾಗೆ. ಗಂಡಸರು ಮೊದಲ ಏಟು ಹಾಕಿ ಹೋಳು ಮಾಡಿಕೊಡಬೇಕು, ಆಮೇಲೆ ನಾವು ಹೆಚ್ಚಬಹುದು. ಮನೆಯಲ್ಲಿ ಗಂಡಸರಿಲ್ಲದಿದ್ದರೆ ಅವ್ವ ಬೀದಿಯಲ್ಲಿ ಹೋಗುವ ಹಾಲಿನವನನ್ನಾದರೂ ಕರೆದು ಏಟು ಹಾಕಿಸುತ್ತಿದ್ದಳು. ಆಸ್ಟ್ರೇಲಿಯಾದಲ್ಲಿ ನನಗೆ ಈ ಕಷ್ಟ ಬಂದಿರಲಿಲ್ಲ. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಕುಂಬಳಕಾಯಿಯನ್ನು ಕಾಲುಭಾಗ ಮಾಡಿ ಪ್ಲಾಸ್ಟಿಕ್ ಸುತ್ತಿ ಇಟ್ಟಿರುತ್ತಾರೆ. ಮೊದಲ ಏಟು ಯಾರದೆಂದು ಯಾರೂ ಕೇಳುವುದಿಲ್ಲ.

ಆದರೆ ನನ್ನ ಭಯಕ್ಕೆ ಬೇರೆ ಬೇರೂ ಇತ್ತು. ಮೆಲ್ಬರ್ನ್‌ನಲ್ಲಿದ್ದಾಗ ನನ್ನ ಐದು ತಿಂಗಳ ಗರ್ಭ ನಿಲ್ಲದೆ ಹೋಯಿತು. ಊರಿನಿಂದ ಫೋನ್ ಮಾಡಿದ ಅತ್ತೆ ಅತ್ತರು, ಸಮಾಧಾನ ಹೇಳಿದರು, ಆಮೇಲೆ ಮೆಲ್ಲಗೆ ಕೇಳಿದರು: "ಇಡೀ ಕುಂಬಳಕಾಯೇನಾದ್ರೂ ಕುಯ್ದಿದ್ದೇನವ್ವ?" ನಾನು ಕುಯ್ದಿರಲಿಲ್ಲ. ಇಲ್ಲ ಎಂದೆ. ಆದರೂ ಆ ಪ್ರಶ್ನೆ ನನ್ನೊಳಗೆ ಮುಳ್ಳಿನಂತೆ ಮುರಿದು ಕೂತಿತು. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಗರ್ಭ ಯಾಕೆ ಹೋಗುತ್ತದೆಂದು ಬಲ್ಲವಳು. ಬಲ್ಲೆನೆಂದು ಭಯ ಹೋಗುತ್ತದೆಯೇ? ಮತ್ತೊಂದು ಮಗುವಿನ ಆಸೆ ಇನ್ನೂ ಇತ್ತು.

"ಏನು ನೋಡ್ತಾ ಇದೀಯಾ?" ಎಂದರು ಆಂಟಿ.

ಅವರು ಕೇಳಿದ್ದು ಅಷ್ಟೇ. ನಾನೋ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಚಾಕು ಮೊಂಡಾಗಿದೆ, ನನ್ನ ತೋಳಿನಲ್ಲಿ ಶಕ್ತಿ ಸಾಲದು ಎಂದೆಲ್ಲ ಒದರಿದೆ. ಫೋನ್ ಹಿಡಿದು ಹಿತ್ತಲಿಗೆ ಹೋಗಿ ಸತೀಶನಿಗೆ ಕರೆ ಮಾಡಿದೆ. ಅವನು ರೋಬೇರ್ ಕಾರಿನಲ್ಲೇ ಸಿಡ್ನಿಗೆ ಬರುತ್ತಿದ್ದ.

"ಎಲ್ಲಿದೀಯಾ? ಕುಂಬಳಕಾಯಿಗೆ ಒಂದು ಏಟು ಹಾಕ್ಬೇಕಿತ್ತು."

"ಇನ್ನೂ ಐದು ಅವರ್ಸ್ ಇದೆ ಸುಮಾ. ವೀಡಿಯೊ ಕಾಲ್‌ನಲ್ಲಿ ಹಾಕ್ಲಾ?"

"ತಮಾಷೆ ಮಾಡ್ಬೇಡ."

ಫೋನ್ ಇಟ್ಟು ನೋಡಿದರೆ ಬೇಲಿಯಾಚೆ ಪಕ್ಕದ ಮನೆಯ ಮುದುಕರು ಹುಲ್ಲು ಕತ್ತರಿಸುತ್ತಿದ್ದರು. ಅವ್ವನ ಮಗಳು ನಾನು, ಕರೆದೇ ಬಿಟ್ಟೆ. "ಕುಂಬಳಕಾಯಿ ತಾನೇ? ಶೆಡ್‌ನಲ್ಲಿ ಗರಗಸ ಇದೆ, ತರ್ತೀನಿ," ಎಂದು ಆ ಪುಣ್ಯಾತ್ಮರು ಉತ್ಸಾಹದಿಂದ ಹೊರಟರು. ಗರಗಸ ಹಿಡಿದ ಅವರನ್ನು ಅಡುಗೆಮನೆಗೆ ಕರೆತಂದಾಗ ಆಂಟಿ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಕೈ ಕೊಡ್ತೀನಿ ಅಂದಿದ್ದು ನೀನು. ಇವರು ಯಾಕೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲವನ್ನೂ ಹೇಳಿದೆ. ಹಿರಿಮಗ, ಮೊದಲ ಏಟು, ಹಾಲಿನವನು, ಅತ್ತೆಯ ಪ್ರಶ್ನೆ, ಉಳಿಯದ ನನ್ನ ಮಗು. ಹಾಲಿನವನವರೆಗೆ ಆಂಟಿ ನಗುತ್ತಿದ್ದರು. ಆಮೇಲೆ ನಗು ನಿಂತಿತು. ಪಕ್ಕದ ಮನೆಯವರು ಗರಗಸವನ್ನು ಬೆನ್ನ ಹಿಂದೆ ಮಾಡಿಕೊಂಡು, "ಆಮೇಲೆ ಬೇಕಾದ್ರೆ ಕರೀರಿ," ಎಂದು ಹೊರಗೆ ಹೋದರು.

ಆಂಟಿ ಕುರ್ಚಿ ಎಳೆದು ಕೂತರು. "ನನ್ನ ಅಜ್ಜಿಯ ಅಜ್ಜಿಯರಿಗೆ ಇದನ್ನ ಕುಯ್ಯೋಕೆ ಬಿಡ್ತಿದ್ರು, ತಿನ್ನೋಕೆ ಬಿಡ್ತಿರಲಿಲ್ಲ. ನಿಮಗೆ ತಿನ್ನೋಕೆ ಬಿಡ್ತಾರೆ, ಕುಯ್ಯೋಕೆ ಬಿಡಲ್ಲ." ಚಾಕುವನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ನೀನು ಮಾಡಲ್ಲ ಅಂದ್ರೆ ನಾನು ಬೇಸರ ಮಾಡ್ಕೊಳಲ್ಲ. ಅವರನ್ನ ಕರಿ. ಆದ್ರೆ ನಿನ್ನ ಮಗುವನ್ನ ಕಿತ್ಕೊಂಡಿದ್ದು ಕುಂಬಳಕಾಯಿ ಅಲ್ಲ, ಮಗಳೇ."

ಆ ಮಾತನ್ನು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ಹೇಳಿದ್ದು ಬೇರೆ ಮಾತು. ನಾನು ಸೆರಗಿಲ್ಲದ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಚಾಕು ತೆಗೆದುಕೊಂಡೆ. ಆಂಟಿ ಎಡಗೈಯಲ್ಲಿ ಕುಂಬಳಕಾಯಿಯನ್ನು ಅಲುಗದಂತೆ ಹಿಡಿದರು. ಮೊದಲ ಏಟಿಗೆ ಚಾಕು ಸಿಪ್ಪೆಯಲ್ಲಿ ಸಿಕ್ಕಿಕೊಂಡಿತು. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಲಟಕ್ಕೆಂದು ಸದ್ದಾಯಿತು, ಕಾಯಿ ಇಬ್ಭಾಗವಾಗಿ ಮೇಜಿನ ಮೇಲೆ ತೆರೆದುಕೊಂಡಿತು. ಮತ್ತೇನೂ ಆಗಲಿಲ್ಲ. ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಮತ್ತೆ ಶುರುವಾಯಿತು.

ಬೆಳಿಗ್ಗೆ ಆ ಪುಟ್ಟ ಮನೆಯ ಮುಂದೆ ಕಾರುಗಳು ಸಾಲುಗಟ್ಟಿದವು. ಒಬ್ಬೊಬ್ಬರೂ ಅಂಗಳದಲ್ಲಿ ನಿಂತು ಓನೇ ಎಂದು ಕೂಗಿದರು, ಒಳಗಿದ್ದವರೆಲ್ಲ ಒಟ್ಟಾಗಿ ರೆಸ್ಪೇ ಎಂದರು. ನಾನೂ ಒಳಗಿನವಳಾಗಿ ಕೂಗಿದೆ. ಒಬ್ಬರು ಬಟ್ಟಲು ತೊಳೆದರು, ಒಬ್ಬರು ಬ್ರೆಡ್ ಕುಯ್ದರು, ನನ್ನ ಗಂಡ ಸೌಟು ತಿರುಗಿಸಿದ. ನಮ್ಮೂರಲ್ಲಿ ನಾಟಿಯ ದಿನ ಕೂಲಿಯಿಲ್ಲದೆ ಒಬ್ಬರ ಗದ್ದೆಗೊಬ್ಬರು ದುಡಿಯುವ ಮುಯ್ಯಾಳುಗಳು ಸೇರುತ್ತಾರಲ್ಲ, ಹಾಗೆಯೇ ಇತ್ತು. ದೊಡ್ಡ ಪಾತ್ರೆಯಲ್ಲಿ ದನದ ಮಾಂಸವಿತ್ತು. ನಮಗಿಬ್ಬರಿಗೆಂದು ಮಾಂಸವಿಲ್ಲದ ಸಣ್ಣ ಪಾತ್ರೆ ಬೇರೆ ಇತ್ತು. ಕೆಲವರು ಕುಡಿಯುತ್ತಾ ಅಳುತ್ತಿದ್ದರು. ರೋಬೇರ್ ಬಟ್ಟಲನ್ನು ಹಣೆಗೆ ಮುಟ್ಟಿಸಿಕೊಂಡು, "ಈ ಸಲ ಯಾರು ಕುಯ್ದಿದ್ದು?" ಎಂದು ಕೇಳಿದರು. ಆಂಟಿ ಪಟ್ಟಿ ಸುತ್ತಿದ ಕೈಯಿಂದ ನನ್ನನ್ನು ತೋರಿಸಿದರು.

ಮಧ್ಯಾಹ್ನದ ಹೊತ್ತಿಗೆ, ಊರಲ್ಲಿ ಬೆಳಗಾದ ಮೇಲೆ, ಅವ್ವನ ಫೋನ್ ಬಂತು. ಮಂಡ್ಯದಲ್ಲಿ ಅಣ್ಣನ ಮನೆಯ ಗದ್ದಲ, ಟೀವಿ, ಮಕ್ಕಳ ಜಗಳ ಎಲ್ಲ ಒಟ್ಟಿಗೆ ಕೇಳಿಸಿತು. ನಾನು ಬಾಗಿಲ ಕಡೆ ಬಂದೆ.

"ಹೊಸ ವರ್ಸಕ್ಕೆ ಏನ್ ಮಾಡ್ದೆ?"

"ಕುಂಬಳಕಾಯಿ ಸಾರು ಕಣವ್ವ."

"ಯಾರು ಕುಯ್ದೋರು?"

ಅತ್ತೆಗಾಗಿದ್ದರೆ ಸೂಪರ್‌ಮಾರ್ಕೆಟ್ ಹೋಳು ಎನ್ನುತ್ತಿದ್ದೆ. "ನಾನೇ," ಎಂದೆ.

ಅವ್ವನ ಬೈಗುಳಕ್ಕೆ ಕಾದೆ. ಅವಳು ಎದ್ದು ನಡೆದು ಹೋಗಿ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಗದ್ದಲವೆಲ್ಲ ನಿಂತಿತು.

"ಇಡೀದ?"

"ಇಡೀದು."

"ಏನಾಗ್ನಿಲ್ವಲ್ಲ?"

"ಏನೂ ಆಗ್ಲಿಲ್ಲ ಕಣವ್ವ."

"ನಂಗೆ ಎಪ್ಪತ್ತು ತುಂಬ್ತು," ಎಂದಳು ಪಿಸುದನಿಯಲ್ಲಿ. "ಎಷ್ಟ್ ಬೇಯ್ಸಿಲ್ಲ ನಾನು. ಯಾವತ್ತೂ ಗಂಡಸ್ರು ಹೋಳ್ ಮಾಡ್ಕೊಟ್ಮೇಲೇ ನನ್ ಕೈಗ್ ಬಂದದ್ದು. ಮೊದ್ಲು ತೆರ್ಕತ್ತದಲ್ಲ, ಆವಾಗ ಒಳ್ಗೆ ಹೆಂಗಿರ್ತದವ್ವ?"

ಒಳಗಿನಿಂದ ಆಂಟಿ ಇನ್ನೊಂದು ಬಟ್ಟಲು ಹಿಡಿದು ನನ್ನನ್ನು ಕರೆಯುತ್ತಿದ್ದರು. ಫೋನಿನಲ್ಲಿ ಅವ್ವ ಕಾಯುತ್ತಿದ್ದಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಚಿಕ್ಕಂದಿನಲ್ಲಿ ಕಲಿಸಿದವಳೂ ಅವಳೇ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಾನು ಹೊಸ್ತಿಲ ಮೇಲೆಯೇ ಕೂತು, ಅದು ಹೇಗಿತ್ತೆಂದು ಅವಳಿಗೆ ಹೇಳಿದೆ.