ಓದದೆ ಬಿಟ್ಟ ಸಾಲು

ನಮ್ಮ ಮನೆಯಲ್ಲಿ ದೀಪ ಆರಿಸು ಎನ್ನುವಂತಿರಲಿಲ್ಲ, ಶಾಂತ ಮಾಡು ಎನ್ನಬೇಕಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಧಾರವಾಡ ಬಿಟ್ಟು ಪುಣೆಗೆ ಬಂದು ನೆಲೆಸಿದ ಮೇಲೂ ನನ್ನ ತಾಯಿ ಈ ಕಟ್ಟಳೆ ಸಡಿಲಿಸಲಿಲ್ಲ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಮ್ಮ ಬಾಯಿಂದ ಕೆಟ್ಟ ಮಾತು ಬಿದ್ದ ಗಳಿಗೆಯಲ್ಲೇ ಅವರು ‘ಅಸ್ತು’ ಅಂದುಬಿಟ್ಟರೆ ಅದು ಹಾಗೆಯೇ ನಡೆಯುತ್ತದೆ ಎಂಬುದು ಆಕೆಯ ನಂಬಿಕೆ. ಅದರಲ್ಲೂ ಕಾಯಿಲೆಯವರ ಮುಂದೆ, ಅದರಲ್ಲೂ ದೀಪ ಹಚ್ಚುವ ಹೊತ್ತಿನಲ್ಲಿ, ಸಾವು ನೋವಿನ ಮಾತೇ ಕೂಡದು. ನಾನು ಇದನ್ನೆಲ್ಲ ನಂಬಿದವಳಲ್ಲ. ಸರ್ಕಾರಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಗುಮಾಸ್ತೆ ನಾನು, ದಿನಕ್ಕೆರಡು ಸಲ ಶವಾಗಾರ ದಾಟಿಕೊಂಡೇ ಚಹಾ ಕುಡಿಯಲು ಹೋಗುತ್ತಿದ್ದವಳು. ಆದರೆ ತಲೆ ಕಲಿತದ್ದನ್ನು ನಾಲಿಗೆ ಕಲಿಯಬೇಕೆಂದೇನಿಲ್ಲ. ನನ್ನ ನಾಲಿಗೆ ತಾಯಿಯ ಮಾತನ್ನೇ ಕೇಳುತ್ತಿತ್ತು.

ಪುಣೆಯ ಮಗರಪಟ್ಟಾದಲ್ಲಿ ಎತ್ತರದ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದ ಜನ ಅಲ್ಲಿ ಕಲ್ಲು ಸಿಮೆಂಟು ಹೊರುತ್ತಿದ್ದರು, ಕೆಮ್ಮು ಜೋರಾದಾಗ ನಮ್ಮ ಆಸ್ಪತ್ರೆಗೆ ಬರುತ್ತಿದ್ದರು. ಆಗಲೇ ಕ್ಷಯರೋಗದ ವಿಭಾಗದಲ್ಲಿ ಒಂದು ಅಧ್ಯಯನ ಶುರುವಾಯಿತು. ತಿಂಗಳುಗಟ್ಟಲೆ ನುಂಗಬೇಕಾದ ಗುಳಿಗೆಗಳ ಬದಲು ಹೊಸ ಗುಳಿಗೆಗಳನ್ನು ಸೇರಿಸಿ ಕಡಿಮೆ ದಿನದಲ್ಲಿ ರೋಗ ವಾಸಿಮಾಡಲು ಆದೀತೇ ಎಂದು ನೋಡುವ ಅಧ್ಯಯನ. ನಡೆಸುತ್ತಿದ್ದವರು ಒಬ್ಬ ಮರಾಠಿ ವೈದ್ಯರು. ವಯಸ್ಸು ಕಡಿಮೆ, ಕೆಲಸದಲ್ಲಿ ಕಟ್ಟುನಿಟ್ಟು, ಮಧ್ಯಾಹ್ನದ ಊಟ ಮರೆಯುವಷ್ಟು ಶ್ರದ್ಧೆ. ಸೇರುವ ಪ್ರತಿ ರೋಗಿಗೂ ನಾಲ್ಕು ಪುಟಗಳ ಒಪ್ಪಿಗೆ ಪತ್ರವನ್ನು ಅವರ ಮಾತೃಭಾಷೆಯಲ್ಲೇ ಓದಿ ಹೇಳಬೇಕೆಂಬುದು ನಿಯಮ. ಮರಾಠಿ ಪ್ರತಿ ಇತ್ತು. ಕನ್ನಡದ್ದು ಇರಲಿಲ್ಲ. ನಾನು ಫೋನಿನಲ್ಲಿ ತಂಗಿಯೊಂದಿಗೆ ಕನ್ನಡದಲ್ಲಿ ಜಗಳವಾಡುವುದನ್ನು ಕೇಳಿಸಿಕೊಂಡಿದ್ದ ವೈದ್ಯರು, ಮರಾಠಿ ನೋಡಿಕೊಂಡು ಕನ್ನಡದಲ್ಲಿ ಓದಿ ಹೇಳುತ್ತೀರಾ ಎಂದು ಕೇಳಿದರು.

ಹಿಗ್ಗಿ ಹೀರೇಕಾಯಿಯಾದೆ. ಹದಿನೆಂಟು ವರ್ಷ ಕಡತಕ್ಕೆ ದಾರ ಕಟ್ಟಿದವಳನ್ನು ಒಬ್ಬರು ಸಂಶೋಧನೆಗೆ ಕರೆದಿದ್ದರು. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ತಂಗಿ ಕುಟುಕಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಎರಡು ಪುಟ ಸಲೀಸು. ಯಾವ ಗುಳಿಗೆ, ಎಷ್ಟು ದಿನ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಇತ್ಯಾದಿ. ಮೂರನೆಯ ಪುಟದಲ್ಲಿ ನನ್ನ ನಾಲಿಗೆ ತೊಡರುತ್ತಿತ್ತು. ಗುಳಿಗೆಯಿಂದ ಏನೇನು ಕೆಡುಕಾಗಬಹುದು ಎಂಬ ಪಟ್ಟಿ ಅಲ್ಲಿತ್ತು. ಕಣ್ಣು ಅಥವಾ ಮೂತ್ರ ಹಳದಿಯಾದರೆ, ವಾಂತಿಯಾಗಿ ಊಟ ಸೇರದಿದ್ದರೆ, ಗುಳಿಗೆಗಳನ್ನು ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಪಿತ್ತಜನಕಾಂಗ ಕೆಟ್ಟು ಪ್ರಾಣಕ್ಕೆ ಅಪಾಯವಾಗಬಹುದು. ಇಷ್ಟೇ. ಮರಾಠಿಯಲ್ಲಿ ಓದಿಕೊಳ್ಳುವಾಗ ಅದು ಬರೀ ಅಕ್ಷರ. ಕನ್ನಡದಲ್ಲಿ, ನಮ್ಮ ಕಡೆಯವರೊಬ್ಬರ ಮುಖ ನೋಡುತ್ತ, ನೀವು ಸಾಯಬಹುದು ಎನ್ನಲು ನನಗೆ ಬಾಯಿ ಬರಲಿಲ್ಲ. ಮೊದಲನೆಯ ರೋಗಿಗೇ ಆ ಇಡೀ ಪಟ್ಟಿಯನ್ನು ಮಡಚಿ ಒಂದು ಮಾತಿಗೆ ಇಳಿಸಿದೆ: ಏನಾದರೂ ಹೆಚ್ಚುಕಡಿಮೆ ಅನಿಸಿದರೆ ಬನ್ನಿ. ನಮ್ಮವರು ಸಾವನ್ನೂ ಹಾಗೇ ಹೇಳುವುದು, ಹೊಟ್ಟೆನೋವನ್ನೂ ಹಾಗೇ ಹೇಳುವುದು. ಅವರು ತಲೆಯಾಡಿಸಿದರು. ಆಮೇಲೆ ಅದೇ ರೂಢಿಯಾಯಿತು.

ಆ ಹೆಂಗಸು ಬಂದದ್ದು ಸಂಜೆ, ವಾರ್ಡಿನಲ್ಲಿ ಆಗಷ್ಟೇ ದೀಪ ಹಾಕಿದ್ದರು. ಮೂವತ್ತರ ಒಳಗಿನ ವಯಸ್ಸು, ವಿಜಾಪುರದ ಕಡೆಯವಳು, ಸಿಮೆಂಟಿನಿಂದ ಬಿರುಕುಬಿಟ್ಟ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸ್ಟೂಲಿನ ತುದಿಗೆ ಕೂತಿದ್ದಳು. ಗಂಡ ಹಿಂದೆ ಕೈಚೀಲ ಹಿಡಿದು ನಿಂತಿದ್ದ. ನಾನು ಓದುವಷ್ಟು ಹೊತ್ತೂ ಆಕೆ ಕಾಗದ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಪುಣೆಗೆ ಬಂದ ಮೇಲೆ ದವಾಖಾನೆಯಲ್ಲಿ ತನ್ನ ಮಾತು ಆಡಿದವರು ನಾನೊಬ್ಬಳೇ ಎಂದಳು. ಮೂರನೆಯ ಪುಟ ಬಂತು. ಹೆಚ್ಚುಕಡಿಮೆ ಅನಿಸಿದರೆ ಬನ್ನಿ ಎಂದೆ. ಆಕೆ ಇನ್ನೂ ನೋಡುತ್ತಲೇ ಇದ್ದಳು. ಅಷ್ಟುದ್ದದ ಪುಟಕ್ಕೆ ಇಷ್ಟೇ ಮಾತೇ ಎಂದು ಕೇಳುತ್ತಾಳೇನೋ ಅನಿಸಿತು. ಆ ಜಾಗ ತುಂಬಿಸಲು ಕಾಗದದಲ್ಲಿ ಇಲ್ಲದ್ದೊಂದನ್ನು ನಾನೇ ಸೇರಿಸಿದೆ.

“ಗುಳಗಿ ಮಾತ್ರ ಒಂದಿನಾನೂ ತಪ್ಪಿಸಬ್ಯಾಡ್ರಿ. ಏನ ಆದ್ರೂ ತಪ್ಪಿಸಬ್ಯಾಡ್ರಿ.”

“ನೀವ್ ಹೇಳಿದ್ರಿ ಅಂದ್ರ ಮುಗೀತ್ರಿ ಅಕ್ಕಾರ, ತಪ್ಪಸೂದಿಲ್ಲ,” ಎಂದು ಆಕೆ ಹೆಬ್ಬೆಟ್ಟು ಒತ್ತಿದಳು. ಓದಿ ಹೇಳಿದವರು ಎಂಬಲ್ಲಿ ನಾನು ಸಹಿ ಮಾಡಿದೆ. ನನ್ನ ಸಹಿ ದೊಡ್ಡದು, ಕೆಳಗೊಂದು ಗೆರೆ ಬೇರೆ ಎಳೆಯುತ್ತೇನೆ.

ಒಂದು ತಿಂಗಳ ನಂತರ ಆಕೆ ಬಂದಾಗ ಕೆಮ್ಮು ತಗ್ಗಿತ್ತು. ನನಗಾಗಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಇದು ನನ್ನದೇ ಗೆಲುವು ಎಂಬಂತೆ ವಿಭಾಗದವರಿಗೆಲ್ಲ ಹಂಚಿದೆ. ಎರಡನೆಯ ತಿಂಗಳು ಬಂದಾಗ ಮುಖ ಬಾಡಿತ್ತು. ಪರೀಕ್ಷೆಗೆ ರಕ್ತ ಕೊಟ್ಟು, ಮುಂದಿನ ತಿಂಗಳ ಗುಳಿಗೆ ತೆಗೆದುಕೊಂಡು, ಹೊರಡುವ ಮೊದಲು ನನ್ನ ಮೇಜಿನ ಹತ್ತಿರ ನಿಂತು ಬಾಯಿ ಕಹಿ, ಊಟ ಸೇರುವುದಿಲ್ಲ ಎಂದಳು. ವೈದ್ಯರಿಗೆ ಹೇಳಿದೆಯಾ ಎಂದರೆ, ಅವರ ಹತ್ತಿರ ಇಷ್ಟು ಸಣ್ಣ ಮಾತು ಹೇಗೆ ಹೇಳುವುದು ಎಂದು ನಕ್ಕಳು. ಇಷ್ಟು ಗುಳಿಗೆ ನುಂಗಿದರೆ ಬಾಯಿ ಕಹಿಯಾಗದೆ ಇನ್ನೇನು, ಬೆಲ್ಲ ತಿನ್ನು ಎಂದೆ ನಾನು. ಎದ್ದು ಹೋಗಿ ವೈದ್ಯರಿಗೆ ಹೇಳಲು ಹದಿನೈದು ಹೆಜ್ಜೆ ಸಾಕಿತ್ತು. ನನ್ನ ಮುಂದೆ ಆ ದಿನ ಕಡತಗಳು ರಾಶಿ ಬಿದ್ದಿದ್ದವು.

ನಾಲ್ಕು ದಿನದ ಮೇಲೆ ವೈದ್ಯರು ಒಂದು ವರದಿ ಹಿಡಿದು ನನ್ನ ಬಳಿ ಬಂದರು. ಒಂದು ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಎರಡು ಸಲ ಸುತ್ತು ಹಾಕಿತ್ತು. ಆಕೆಯ ಪಿತ್ತಜನಕಾಂಗ ಗುಳಿಗೆಗಳನ್ನು ತಾಳುತ್ತಿಲ್ಲ, ಇವತ್ತೇ ನಿಲ್ಲಿಸಬೇಕು, ಕರೆಸಿ ಎಂದರು. ನಂತರ ತಾವೇ ಸಮಾಧಾನ ಮಾಡಿಕೊಳ್ಳುವಂತೆ, ಹೇಗೂ ಕಣ್ಣು ಹಳದಿಯಾದರೆ ತಾನೇ ನಿಲ್ಲಿಸಿ ಬರುತ್ತಾಳೆ, ನೀವು ಹೇಳಿದ್ದೀರಲ್ಲ ಎಂದರು. ಹೂಂ ಎಂದೆ.

ವಿಳಾಸದ ಜಾಗದಲ್ಲಿ ಬರೀ ಕಟ್ಟಡದ ಹೆಸರಿತ್ತು. ನಾನೇ ಹೋದೆ. ಅವರು ಮಲಗುತ್ತಿದ್ದ ತಗಡಿನ ಜೋಪಡಿಯನ್ನೇ ಕಿತ್ತು ಒಯ್ದಿದ್ದರು, ನೆಲದಲ್ಲಿ ಒಲೆಯ ಮೂರು ಕಲ್ಲು ಉಳಿದಿದ್ದವು. ಕೆಲಸ ಮುಗಿದ ಗುಂಪು ಬಾರಾಮತಿಯ ಸಕ್ಕರೆ ಕಾರ್ಖಾನೆ ಕಡೆ ಹೋಯಿತು ಎಂದ ಕೂಲಿಯವರ ಮುಕಾದಮ. ಭಾನುವಾರ ಬಾರಾಮತಿಗೆ ಹೋದೆ. ಅಲ್ಲಿ ಅವರಿರಲಿಲ್ಲ. ದಿನಗಳು ಕಳೆಯುತ್ತಿದ್ದವು, ನಾನು ಒಂದೊಂದು ಬೆಳಿಗ್ಗೆಯೂ ಎದ್ದು ಆಕೆ ಇವತ್ತಿನ ಗುಳಿಗೆ ನುಂಗಿರಬಹುದೇ ಎಂದು ಯೋಚಿಸುತ್ತಿದ್ದೆ. ನುಂಗಿರುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾರಾದರೂ ಒಬ್ಬ ರೋಗಿ ನನ್ನ ಮಾತು ಮೀರಲಿ ಎಂದು ಆ ದಿನಗಳಲ್ಲಿ ಬೇಡಿಕೊಂಡಷ್ಟು ಮತ್ತೆಂದೂ ಬೇಡಿಕೊಂಡಿಲ್ಲ. ಕಡೆಗೆ ಅದೇ ಗುಂಪಿನ ಇನ್ನೊಬ್ಬ ಹೆಂಗಸು ಔಷಧಿಗೆ ಬಂದವಳು, ಅವರು ಇಂದಾಪುರದ ಹತ್ತಿರ ನಾದಿನಿಯ ಜೊತೆ ಕಬ್ಬು ಕಡಿಯಲು ಹೋಗಿದ್ದಾರೆ ಎಂದಳು. ರಕ್ತದ ವರದಿ ಬಂದು ಅಂದಿಗೆ ಹನ್ನೊಂದು ದಿನ.

ಕೆಂಪು ಬಸ್ಸಿನಲ್ಲಿ ಸೊಲ್ಲಾಪುರದ ರಸ್ತೆ ಹಿಡಿದು ಇಂದಾಪುರಕ್ಕೆ ಹೋದೆ. ಅಲ್ಲಿಂದ ಕಬ್ಬಿನ ಟ್ರ್ಯಾಕ್ಟರಿನವನು ಹೊಲದವರೆಗೆ ಬಿಟ್ಟ. ಕಬ್ಬಿನ ಒಣಗರಿ, ರವದಿ ಹೊದಿಸಿದ ಗುಡಿಸಲುಗಳು ಸಾಲಾಗಿದ್ದವು. ಜನ ಎಲ್ಲ ಕಡಿಯಲು ಹೋಗಿ ಅಲ್ಲಿ ಸದ್ದೇ ಇರಲಿಲ್ಲ. ಮೂರನೆಯ ಗುಡಿಸಲಲ್ಲಿ ಆಕೆ ಕೌದಿಯ ಮೇಲೆ ಮಲಗಿದ್ದಳು, ಗಂಡ ಪಕ್ಕದಲ್ಲಿ ಕೂತು ಗಂಜಿ ಆರಿಸುತ್ತಿದ್ದ. ನನ್ನನ್ನು ನೋಡಿ ಆಕೆ ಏಳಲು ಹೋದಳು. ಕಣ್ಣುಗಳು ಅರಿಶಿನ ಕಲಸಿದ ಹಾಗಿದ್ದವು. ಕಾಮಣಿ ಆಗಿದೆ, ಮುಂಗೈಗೆ ಬರೆ ಹಾಕಿಸಿದ್ದೇವೆ, ಗಿಡಮೂಲಿಕೆ ಕುಡಿಸುತ್ತಿದ್ದೇವೆ, ಉಪ್ಪಿಲ್ಲದ ಪಥ್ಯ ನಡೆದಿದೆ, ಇನ್ನೇನು ಇಳಿಯುತ್ತದೆ ಎಂದು ಗಂಡ ವಿವರಿಸಿದ. ಕಾಮಣಿಗೆ ನಮ್ಮ ಕಡೆ ಯಾರೂ ದೊಡ್ಡ ದವಾಖಾನೆಗೆ ಹೋಗುವುದಿಲ್ಲ. ಅದು ಅವರ ಪಾಲಿಗೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಊರಿಗೆಲ್ಲ ಗೊತ್ತಿರುವ ಬೇನೆ, ಗೊತ್ತಿರುವ ಔಷಧ.

ಆಕೆ ತಲೆದಿಂಬಿನ ಕೆಳಗಿಂದ ಗುಳಿಗೆಯ ಹಾಳೆಗಳನ್ನು ತೆಗೆದು ನನ್ನ ಕಡೆ ಚಾಚಿದಳು.

“ಒಂದೂ ತಪ್ಪಿಸಿಲ್ರಿ ಅಕ್ಕಾರ. ವಾಂತಿ ಆದ್ರೂ ಮತ್ತ ನುಂಗೇನಿ.”

ಕಸಿದುಕೊಂಡೆ. ಆಕೆ ಬೆಚ್ಚಿದಳು. ಹೇಳದೆ ಪುಣೆ ಬಿಟ್ಟು ಬಂದದ್ದಕ್ಕೆ ನಾನು ಸಿಟ್ಟಾಗಿದ್ದೇನೆ ಎಂದುಕೊಂಡು, ಪುಣೆಗೆ ಬಾಡಿಗೆ ಜೀಪಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕ್ಷಮೆ ಕೇಳುತ್ತಿದ್ದಳು. ನನಗೆ ಅಳು ಬಂತು, ಅಳಲಿಲ್ಲ. ಅತ್ತರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ಆಕೆ ತೀರಿಕೊಂಡಳು. ಕೊನೆಯ ಎರಡು ದಿನ ಎಚ್ಚರವಿರಲಿಲ್ಲ.

ಅದೇ ವಾರ ನಾನು ಮಿಕ್ಕ ಕನ್ನಡದ ರೋಗಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿ ಹೋಗಿ ಮೂರನೆಯ ಪುಟವನ್ನು ಅಕ್ಷರ ಬಿಡದೆ ಓದಿದೆ. ಪ್ರಾಣಾಪಾಯ ಎಂಬ ಪದವನ್ನು ಎಷ್ಟು ಸಲ ಉಚ್ಚರಿಸಿದೆನೋ. ಯಾರೂ ಹೆದರಿ ಗುಳಿಗೆ ಬಿಡಲಿಲ್ಲ. ಒಬ್ಬ ಮುದುಕ ಮಾತ್ರ, ಇದು ಮೊದಲೇ ಇತ್ತೋ ಈಗ ಬರೆದಿದ್ದಾರೋ ಎಂದು ಕೇಳಿದ. ಈಗ ಬರೆದಿದ್ದಾರೆ ಎಂದೆ.

ಅಧ್ಯಯನದಲ್ಲಿ ಸಾವಾದರೆ ವಿಚಾರಣೆ ನಡೆಯುತ್ತದೆ. ಉದ್ದದ ಮೇಜಿನ ಸುತ್ತ ಐದು ಜನ ಕೂತಿದ್ದರು, ಎಲ್ಲರೂ ಹೊರಗಿನವರು. ನಮ್ಮ ವೈದ್ಯರು ಒಂದು ಮೂಲೆಯಲ್ಲಿ, ವಾರದಿಂದ ನಿದ್ದೆ ಮಾಡದವರ ಮುಖ ಮಾಡಿಕೊಂಡು. ಆಕೆಯ ಗಂಡನನ್ನು ಕರೆಸಿದ್ದರು. ಅವನಿಗೂ ಮಾತೃಭಾಷೆಯಲ್ಲೇ ಕೇಳಬೇಕೆಂಬುದು ನಿಯಮವಾದ್ದರಿಂದ ಭಾಷಾಂತರಕ್ಕೆ ನನ್ನನ್ನೇ ಕೂರಿಸಿದರು. ಓದಿ ಹೇಳಿದವಳೂ ನಾನೇ, ಓದಿ ಹೇಳಿದರೇ ಎಂದು ಕೇಳುವವಳೂ ನಾನೇ. ಇದು ಸರಿಯಲ್ಲ ಎಂದು ಆ ಐದು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದ ನಾನು ಬಾಯಿ ಬಿಡಲಿಲ್ಲ.

ಅಧ್ಯಕ್ಷರು ಒಪ್ಪಿಗೆ ಪತ್ರದ ಮೂರನೆಯ ಪುಟ ತೆರೆದು, ಈ ಸಾಲನ್ನು ಇವರಿಗೆ ವಿವರಿಸಿದ್ದರೇ ಎಂದು ಕೇಳಿ ಎಂದರು. ಕೇಳಬೇಕಾದರೆ ಸಾಲನ್ನು ಹೇಳಲೇಬೇಕಿತ್ತು. ಅವನ ಮುಖ ನೋಡದೆ ಹೇಳಿದೆ.

“ಕಣ್ಣು ಹಳದಿ ಆದ್ರ ಗುಳಗಿ ನಿಲ್ಲಿಸಿ ಲಗೂನ ದವಾಖಾನಿಗೆ ಬರಬೇಕು, ಇಲ್ಲಾಂದ್ರ ಜೀವಕ್ಕ ಅಪಾಯ ಅದ ಅಂತ ನಿಮಗ ಓದಿ ಹೇಳಿದ್ದರೇನ್ರಿ?”

ಅವನು ಮೇಜಿನ ಮೇಲೆ ತೆರೆದಿದ್ದ ಪುಟ ನೋಡಿದ.

“ಈ ಮಾತು ನಾ ಇವತ್ತ ಕೇಳಾಕತ್ತೇನ್ರಿ,” ಎಂದ.

ನಾನು ಅಧ್ಯಕ್ಷರ ಕಡೆ ತಿರುಗಿ ಮರಾಠಿಯಲ್ಲಿ, ಹೌದಂತೆ, ಎಲ್ಲವನ್ನೂ ವಿವರಿಸಿ ಹೇಳಿದ್ದರಂತೆ ಎಂದೆ. ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಅದು ಬರಹಕ್ಕಿಳಿಯಿತು. ಅವನು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ. ಮೂಲೆಯಲ್ಲಿದ್ದ ವೈದ್ಯರು ಮೊದಲ ಸಲ ನೆಟ್ಟಗೆ ಕೂತರು.

ಅವನನ್ನು ಗೇಟಿನವರೆಗೆ ಕಳಿಸಲು ಹೋದೆ. ಅಲ್ಲಿ ಅವನು ಕಾವಲುಗಾರನನ್ನು ನಿಲ್ಲಿಸಿ ಇಂದಾಪುರದ ಬಸ್ಸು ಎಷ್ಟು ಹೊತ್ತಿಗಿದೆ, ಇಲ್ಲಿಂದ ಸ್ವಾರಗೇಟ್ ನಿಲ್ದಾಣಕ್ಕೆ ಯಾವ ಬಸ್ಸು ಹಿಡಿಯಬೇಕು ಎಂದು ಕೇಳಿದ. ಮರಾಠಿಯಲ್ಲಿ ಕೇಳಿದ. ನನ್ನ ಮರಾಠಿಗಿಂತ ಸರಾಗವಾಗಿತ್ತು ಅದು.

ನಿಮಗೆ ಮರಾಠಿ ಬರುತ್ತದೆಯೇ ಎಂದು ಕೇಳಿದೆ. ಹನ್ನೆರಡು ವರ್ಷದಿಂದ ಇಲ್ಲೇ ದುಡಿಯುತ್ತಿದ್ದೇನೆ, ಬರದೆ ಏನು ಎಂದ. ಹಾಗಾದರೆ ಒಳಗೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳುವ ಧೈರ್ಯ ಎಲ್ಲಿಂದ ಬಂತೋ, ಕೇಳಿದೆ.

ಅವನು ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

“ಆಕಿ ನಿಮ್ಮನ್ನ ಭಾಳ ನಂಬಿದ್ಲರಿ. ನಾಕ ಮಂದಿ ಮುಂದ ಆಕಿ ನಂಬಿಕಿ ಸುಳ್ಳು ಮಾಡಾಕ ನನಗ ಮನಸ್ಸಾಗಲಿಲ್ಲ.”

ಅವನು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಸಭೆ ಇನ್ನೂ ಮುಗಿದಿರಲಿಲ್ಲ, ಮೆಟ್ಟಿಲು ಹತ್ತಿ ಹೋಗಿ ಹೇಳಬಹುದಿತ್ತು. ಮರುದಿನ ಹೇಳಬಹುದಿತ್ತು. ಆ ಅಧ್ಯಯನ ಮುಗಿಯುವವರೆಗೂ, ಅದಾದ ಮೇಲೆ ನಾನು ನಿವೃತ್ತಳಾಗುವವರೆಗೂ, ಪ್ರತಿದಿನ ಬೆಳಿಗ್ಗೆ ಆ ವೈದ್ಯರ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ನನ್ನನ್ನು ಕಂಡಾಗಲೆಲ್ಲ ಅವರು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ.