ಮಸ್ಕತ್ತಿನಲ್ಲಿ ಅಕ್ಕಿಗೆಷ್ಟು

ಕಾಪುವಿನ ನಮ್ಮ ಓಣಿಯಲ್ಲಿ ಯಾರಿಗೆ ಗಲ್ಫಿನ ವೀಸಾ ಬಂದರೂ ಅವರು ಒಮ್ಮೆ ನಮ್ಮ ಜಗಲಿಗೆ ಬಂದು ಹೋಗುತ್ತಿದ್ದರು. ಮಸ್ಕತ್ತಿನ ಒಂದು ಕಂಪೆನಿಯಲ್ಲಿ ನಾನು ಬಹಳ ವರ್ಷ ಸ್ಟೋರ್ ಕೀಪರ್ ಆಗಿದ್ದೆ. ಅಲ್ಲಿ ತಿಂಗಳ ಖರ್ಚು ಎಷ್ಟಾಗುತ್ತದೆ ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಈ ವಿಷಯದಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ.

ಕಳೆದ ವರ್ಷ ತಂಗಿಯ ಮಗಳು ಬಂದಳು. ಮಣಿಪಾಲದಲ್ಲಿ ನರ್ಸ್ ಆಗಿರುವವಳು, ಗಂಡನ ಮನೆ ಕಾರ್ಕಳ. ಇಬ್ಬರಿಗೂ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತ್ತು. ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಹೋಗುವುದೋ, ಕಾರ್ಕಳದಲ್ಲಿ ಅತ್ತೆಯ ಹತ್ತಿರ ಬಿಡುವುದೋ ಎಂಬುದು ಅವಳ ಚಿಂತೆ.

"ನೆಟ್ಟಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ ಮಾವ. ನೀವು ಅಲ್ಲಿ ಇದ್ದವರಲ್ವಾ, ಹೇಳಿ. ಪೂರೈಸ್ತದಾ?"

"ಇಲ್ಲ ಮಾರಾಯ್ತಿ. ಬಾಡಿಗೆ, ಶಾಲೆ, ಮಗುವನ್ನು ನೋಡುವವರು, ದುಡಿದದ್ದೆಲ್ಲ ಅಲ್ಲಿಗೇ ಹೋಗ್ತದೆ. ಕಾರ್ಕಳದಲ್ಲೇ ಇರಲಿ."

ಅವಳು ಮತ್ತೆ, "ಅಕ್ಕಿಗೆ ಎಷ್ಟುಂಟು ಅಲ್ಲಿ?" ಎಂದಳು.

"ಈಗ ಜಾಸ್ತಿ ಆಗಿರ್ತದೆ" ಎಂದೆ. ಅವಳು ತಲೆ ತಗ್ಗಿಸಿಕೊಂಡು ಹೋದಳು.

ಆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ನಾನಿದ್ದದ್ದು ಕಂಪೆನಿಯ ಕ್ಯಾಂಪಿನಲ್ಲಿ. ಊಟ ಮೆಸ್ಸಿನದು, ಓಡಾಟ ಕಂಪೆನಿಯ ಬಸ್ಸಿನಲ್ಲಿ. ಶುಕ್ರವಾರ ಪೇಟೆಗೆ ಹೋದರೆ ಕೊಳ್ಳುತ್ತಿದ್ದದ್ದು ಊರಿಗೆ ತರುವ ಪೆಟ್ಟಿಗೆಗೆ ಬೇಕಾದದ್ದು ಮಾತ್ರ: ಕಂಬಳಿ, ಹಾಲಿನ ಪುಡಿ, ಟಾರ್ಚು, ಸೋಪು, ಅತ್ತರು. ಯಾವ ಅಂಗಡಿಯಲ್ಲಿ ಯಾವ ಕಂಬಳಿಗೆ ಎಷ್ಟು ಎಂದು ಬಾಯಿಪಾಠವಿತ್ತು. ಆದರೆ ಅಲ್ಲಿ ನಾನು ಒಂದು ಸೇರು ಅಕ್ಕಿ ಕೊಂಡವನಲ್ಲ, ಒಂದು ತಿಂಗಳ ಬಾಡಿಗೆ ಕೊಟ್ಟವನಲ್ಲ. ಹಾಗಾದರೆ ಇಷ್ಟು ಜನರಿಗೆ ನಾನು ಹೇಳಿದ್ದೇನು?

ಉದ್ಯಾವರದಲ್ಲಿ ದಿನಸಿ ಅಂಗಡಿಯಿರುವ ಬ್ಯಾರಿ ಸ್ನೇಹಿತರೊಬ್ಬರಿದ್ದಾರೆ. ಅವರ ಮಗನ ಸಂಸಾರ ಮಸ್ಕತ್ತಿನಲ್ಲಿದೆ. ಬಸ್ಸು ಹತ್ತಿ ಅಲ್ಲಿಗೆ ಹೋದೆ. ಅವರು ಸೊಸೆಗೆ ವಿಡಿಯೋ ಕಾಲ್ ಮಾಡಿದರು. ಅವಳು ಆಗ ಸೂಪರ್ ಮಾರ್ಕೆಟ್ಟಿನಲ್ಲೇ ಇದ್ದಳು.

"ಬನ್ನಿ ಅಂಕಲ್, ನೀವೇ ನೋಡಿ" ಎಂದು ಫೋನನ್ನು ತಿರುಗಿಸಿದಳು.

ನಮ್ಮ ಕುಚ್ಚಲಕ್ಕಿಯ ಚೀಲಗಳು ಸಾಲಾಗಿ ನಿಂತಿದ್ದವು. ತೆಂಗಿನಕಾಯಿ ಇಲ್ಲಿಗಿಂತ ಬಹಳ ದುಬಾರಿ. ಅಂಜಲ್ ಮೀನು ಮಾತ್ರ ಇಲ್ಲಿಗಿಂತ ಅಗ್ಗ! ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ. "ಆ ಬೆಂಡೆಕಾಯಿ ಸ್ವಲ್ಪ ಹತ್ತಿರ ಹಿಡಿ ಮಗಳೇ. ಅದು ಎಂತ, ಬಸಳೆಯಾ?"

"ಎಂತ ಮಾರಾಯ್ರೆ," ಸ್ನೇಹಿತರು ನಕ್ಕರು, "ನೀವು ಇಷ್ಟು ವರ್ಷ ಇದ್ದದ್ದು ಮಸ್ಕತ್ತಿನಲ್ಲಾ, ಮಲ್ಪೆಯಲ್ಲಾ?"

ಬಾಡಿಗೆಯ ವಿಷಯವನ್ನೂ ಅವಳೇ ಹೇಳಿದಳು. "ಎರಡು ಸಂಸಾರ ಒಂದೇ ಫ್ಲಾಟಲ್ಲಿದ್ದೇವೆ ಅಂಕಲ್. ಅಡುಗೆಮನೆ ಒಂದೇ, ಒಲೆ ಎರಡು. ಕೆಳಗಿನ ಮನೆಯ ಕೊಂಕಣಿ ಆಂಟಿ ಮಕ್ಕಳನ್ನು ನೋಡಿಕೊಳ್ತಾರೆ. ಉಳಿಯುವುದು ಕಡಿಮೆಯೇ. ಆದರೆ ಒಟ್ಟಿಗಿದ್ದೇವಲ್ಲ. ನಿಮ್ಮ ಕಾಲದಲ್ಲೂ ಹೀಗೇ ಅಲ್ವಾ?"

"ಹೌದು" ಎಂದುಬಿಟ್ಟೆ. ಅದೂ ಸುಳ್ಳೇ.

ಮುಂದಿನ ಭಾನುವಾರ ತಂಗಿಯ ಮಗಳನ್ನು ಕರೆಸಿದೆ. ಅವಳು ಮಗುವನ್ನೂ ಕರೆತಂದಿದ್ದಳು.

"ನಾನು ಅವತ್ತು ಹೇಳಿದ್ದು ಗೊತ್ತಿದ್ದು ಹೇಳಿದ್ದಲ್ಲ" ಎಂದೆ. "ಅಲ್ಲಿಯ ಖರ್ಚು ನನಗೆ ಗೊತ್ತೇ ಇಲ್ಲ."

ಅವಳು ನನ್ನನ್ನೇ ನೋಡಿದಳು. "ಮತ್ತೆ ಅಷ್ಟು ವರ್ಷ ಎಂತ ತಿಂದಿರಿ ಮಾವ?"

"ಮೆಸ್ಸಿನ ಊಟ."

ಅವಳಿಗೆ ನಗು ಬಂತು. ಆಮೇಲೆ ಕಣ್ಣಲ್ಲಿ ಸಿಟ್ಟೂ ಕಂಡಿತು. "ನಾನು ಕಾರ್ಕಳದ ಶಾಲೆಯಲ್ಲಿ ಸೀಟು ಕೇಳಿಯಾಗಿತ್ತು" ಎಂದಳು. ನಾನು ಉದ್ಯಾವರದ ಸ್ನೇಹಿತರ ಸೊಸೆಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವಳ ಕೈಗೆ ಕೊಟ್ಟೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅವಳು ಮಗುವನ್ನು ತೊಡೆಗೆ ಎಳೆದುಕೊಂಡು, "ಕರ್ಕೊಂಡೇ ಹೋಗ್ತೇವೆ ಮಾವ" ಎಂದಳು.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

"ನಮ್ಮ ಕಾಲದಲ್ಲಿ ಎಷ್ಟಿತ್ತು ಬಾಡಿಗೆ?" ಎಂದು ಕೇಳಿದಳು.

ಸ್ಟೋರ್ ಕೀಪರನಿಗೆ ಸಂಸಾರದ ವೀಸಾ ಸಿಗುತ್ತಿತ್ತು. ನನ್ನ ಜೊತೆಯವನೊಬ್ಬ ಹೆಂಡತಿಯನ್ನು ಕರೆಸಿಕೊಂಡೂ ಇದ್ದ. ಕ್ಯಾಂಪಿನ ಹಿರಿಯರೊಬ್ಬರು ಪೂರೈಸುವುದಿಲ್ಲ ಎಂದರು. ಅದನ್ನೇ ನಾನು ಪ್ರತಿ ರಜೆಯಲ್ಲೂ ಇವಳಿಗೆ ಹೇಳಿದೆ.

"ಗೊತ್ತಿಲ್ಲ" ಎಂದೆ. "ನಾನು ವಿಚಾರಿಸಲೇ ಇಲ್ಲ."

ಅವಳು ಚಹಾದ ಲೋಟಗಳನ್ನು ಕೆಳಗಿಟ್ಟಳು. ಕಾಲ್ ಇನ್ನೂ ಕಟ್ ಆಗಿರಲಿಲ್ಲ. ತಂಗಿಯ ಮಗಳ ಕೈಯಿಂದ ಫೋನ್ ತೆಗೆದುಕೊಂಡು ನನಗೆ ಬೆನ್ನು ಮಾಡಿ ಕುಳಿತಳು.

"ನಿಮ್ಮ ಅಡುಗೆಮನೆ ಒಮ್ಮೆ ತೋರಿಸು ಮಗಳೇ" ಎಂದಳು. "ಆ ಎರಡು ಒಲೆ ಹೇಗೆ ಇಟ್ಟಿದ್ದೀರಿ ನೋಡುವ."

ನನಗೂ ನೋಡಬೇಕೆನಿಸಿತು. ಅವಳ ಹೆಗಲಾಚೆಯಿಂದ ಬಗ್ಗಿದೆ. ಅವಳು ಫೋನನ್ನು ನನ್ನ ಕಡೆಗೆ ವಾಲಿಸಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ.