ಸತ್ತ ಹಲ್ಲಿನ ಸೀಟಿ

ನಂಬಬೇಡಿ. ನನ್ನ ಕೆಳದವಡೆಯ ಎಲುಬಿನೊಳಗೆ ಒಂದು ಇಡೀ ಅಡಿಕೆ ಕೂರುವಷ್ಟು ಪೊಳ್ಳು ಇತ್ತು, ಅದರ ತುಂಬ ನೀರಿತ್ತು, ಹಾಗಿದ್ದೂ ನಾನು ಗೋವಾದ ಡಿಚೋಲಿ ಹತ್ತಿರದ ಜೆಟ್ಟಿಯಲ್ಲಿ ದಿನವಿಡೀ ಬಾಯಿಂದ ಸೀಟಿ ಹೊಡೆಯುತ್ತಿದ್ದೆ. ಧೈರ್ಯವಿದ್ದರೆ ಸುಳ್ಳು ಎನ್ನಿ.

ಬಂದರಿನ ಪಕ್ಕದ ಬಾಯ್ನಾದಲ್ಲಿ ಸರಕಾರದವರು ನಮ್ಮಂಥವರ ಮನೆಗಳನ್ನು ಕೆಡವಿದ ಮೇಲೆ ನಾನು, ನನ್ನ ಹೆಂಡತಿ ಡಿಚೋಲಿಗೆ ಬಂದೆವು. ಗಣಿಯಿಂದ ಬಂದ ಅದಿರಿನ ಲಾರಿಗಳು ಜೆಟ್ಟಿಗೆ, ಅಂದರೆ ದೋಣಿಗೆ ಸರಕು ತುಂಬುವ ಹೊಳೆಯ ದಂಡೆಗೆ, ಹಿಮ್ಮುಖವಾಗಿ ಬಂದು ಅದಿರು ಸುರಿಯಬೇಕು. ಹಿಂದೆ ನಿಂತು ಅವುಗಳನ್ನು ಕರೆಯುವ ಕೆಲಸ ನನ್ನದು. ಉದ್ದ ಸೀಟಿ ಎಂದರೆ ಬಾ, ಎರಡು ಗಿಡ್ಡ ಸೀಟಿ ಎಂದರೆ ನಿಲ್ಲು. ಬೆರಳು ಬೇಡ. ಕೆಳತುಟಿಯನ್ನು ಹಲ್ಲಿನ ಮೇಲೆ ಬಿಗಿಯಾಗಿ ಎಳೆದು, ನಾಲಿಗೆ ಹಿಂದಕ್ಕೆ ಮಡಚಿ ಊದಿದರೆ ಆಚೆ ದಂಡೆಯ ನಾಯಿ ಎದ್ದು ಕೂರುತ್ತಿತ್ತು. ಚಾಲಕರಿಗೆ ಕಾಟ ಕೊಡುವುದಕ್ಕೂ ಅದೇ ಸೀಟಿ. ಯಾರಾದರೂ ಟಿಫಿನ್ ಡಬ್ಬಿ ಬಿಚ್ಚಿದ ಕೂಡಲೇ ಮೇಲ್ವಿಚಾರಕರು ಕರೆಯುವ ಶೈಲಿಯಲ್ಲಿ ಒಮ್ಮೆ ಊದಿದರೆ ಸಾಕು, ತುತ್ತು ಕೈಯಲ್ಲೇ ಹಿಡಿದು ಓಡುತ್ತಿದ್ದರು.

ಒಂದು ವರ್ಷ ಕೆಳತುಟಿಯ ಕೆಳಗೆ ಒಂದು ಉಬ್ಬು ಬಂತು. ನೋವಿಲ್ಲ, ಜ್ವರವಿಲ್ಲ. ನಮ್ಮ ಕಡೆಯವರು ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ಇಟ್ಟುಕೊಳ್ಳುವುದು ಸರಿಯಾಗಿ ಅದೇ ಜಾಗದಲ್ಲಿ. ಹಿಂದಿನ ಶ್ರಾವಣದಲ್ಲಿ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ತಂಬಾಕು ಬಿಡುವುದಾಗಿ ಆಣೆ ಮಾಡಿದ್ದೆ. ಖರೇ ಬಿಟ್ಟೂ ಇದ್ದೆ. ಜೀವನದಲ್ಲಿ ಒಂದೇ ಒಂದು ಸಲ ನೇರವಾಗಿ ನಡೆದುಕೊಂಡಿದ್ದೆ, ಆಗಲೇ ಯಾರೂ ನಂಬಲಿಲ್ಲ.

"ತುಟಿಯೊಳಗ ಏನೈತ್ರೀ?" ಎಂದಳು ಒಂದು ಬೆಳಿಗ್ಗೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ.

"ಏನೂ ಇಲ್ಲ."

"ನನ್ನ ತಲಿ ಮ್ಯಾಲಿನ ಆಣಿ ಅಂದ್ರ ನಿಮಗ ಚಾಷ್ಟಿ ಆಗೇತಿ. ಬಾಯಿ ತಗೀರಿ."

ಹಿಟ್ಟಿನ ಕೈಯನ್ನೇ ನನ್ನ ತುಟಿಯೊಳಗೆ ತೂರಿಸಿ ಕೆದಕಿದಳು. ತಂಬಾಕು ಸಿಗಲಿಲ್ಲ. ಹೆಬ್ಬೆರಳಿಂದ ಉಬ್ಬನ್ನು ಒತ್ತಿದಾಗ ತತ್ತಿಯ ಸಿಪ್ಪೆ ಬಿರಿದಂತೆ ಚಿರ್ ಎಂದಿತು. ಅದು ನಮ್ಮಿಬ್ಬರಿಗೂ ಕೇಳಿಸಿತು. ತಂಬಾಕು ತಿಂದವರಿಗೆ ಬಾಯಲ್ಲಿ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಮಳೆ ಹಿಡಿದು ಜೆಟ್ಟಿಯ ಕೆಲಸ ನಿಂತಿತ್ತು. ಮೇಲ್ವಿಚಾರಕರಿಗೆ ವಿಷಯ ತಿಳಿಸಿದೆ. "ಮಳಿ ಮುಗದ ಮ್ಯಾಲ ಸೀಟಿ ಹೊಡದ್ರ ನಿನ್ನ ಜಾಗಾ ನಿನಗ. ಪ್ಲಾಸ್ಟಿಕ್ ಸೀಟಿ ಊದಾಕ ನೀನಽ ಬೇಕಂತ ಏನಿಲ್ಲ, ಹುಡುಗರು ಭಾಳ ಅದಾರ" ಎಂದರು. ಸೀಟಿ ಹೋದರೆ ನನಗೆ ಉಳಿಯುವುದು ಬುಟ್ಟಿ ಹೊರುವ ಕೆಲಸ, ಆ ವಯಸ್ಸಿಗೆ ನನ್ನ ಸೊಂಟ ಅದನ್ನು ಒಪ್ಪುವಂತಿರಲಿಲ್ಲ. ಜೊತೆಯ ಚಾಲಕನೊಬ್ಬ ಬೇರೆ ಹೆದರಿಸಿದ: "ಮಾಮಾ, ಉಬ್ಬು ಹಲ್ಲಿನ ಬುಡದಾಗ ಐತಿ, ಹಲ್ಲು ಸತ್ತಿದ್ದು ಕಂಡ್ರ ಡಾಕ್ಟರು ಇಕ್ಕಳ ಹಾಕಿ ಕಿತ್ತಽ ಬಿಡತಾರ." ಮುಂದಿನ ಹಲ್ಲಿಲ್ಲದೆ ತುಟಿ ಎಳೆದು ಹಿಡಿಯುವುದು ಹೇಗೆ? ಏನೇ ಆಗಲಿ ಒಂದೂ ಹಲ್ಲು ಬಿಡಬಾರದು ಎಂದು ಗಟ್ಟಿ ಮಾಡಿಕೊಂಡು ಹಲ್ಲಿನ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಗೋವಾದವಳೇ, ಆದರೆ ಬೆಳಗಾವಿಯಲ್ಲಿ ಓದಿದ್ದರಿಂದ ನಮ್ಮ ಮಾತು ಬರುತ್ತಿತ್ತು. ಮೊದಲು ಎಕ್ಸ್‌ರೇ ತೆಗೆಸಿದಳು. ಮುಂದಿನ ಹಲ್ಲುಗಳ ಬೇರಿನ ಕೆಳಗೆ ದುಂಡಗೆ ಕಪ್ಪು ಕಲೆ. ಆಮೇಲೆ ಹತ್ತಿಯ ಸಣ್ಣ ಉಂಡೆಯನ್ನು ಮಂಜಿನಂತೆ ತಣ್ಣಗೆ ಮಾಡಿ, ಯಾವ ಹಲ್ಲು ಬದುಕಿದೆ ಎಂದು ನೋಡಲು ಒಂದೊಂದಕ್ಕೂ ಮುಟ್ಟಿಸಿದಳು.

"ತಣ್ಣಗ ಹತ್ತಿದ ಕೂಡ್ಲೇ ಕೈ ಎತ್ರಿ ಕಾಕಾ."

ಎಲ್ಲದಕ್ಕೂ ಕೈ ಎತ್ತಿದೆ. ನಡುವಿನ ಎರಡು ಹಲ್ಲಿಗೆ ಏನೂ ಗೊತ್ತಾಗಲಿಲ್ಲ, ಅವಕ್ಕಂತೂ ಕೈ ಎತ್ತಿದ್ದಲ್ಲದೆ "ಅಯ್ಯಯ್ಯೋ" ಎಂದು ಕಾಲೂ ಝಾಡಿಸಿದೆ. ಆಕೆ ಬೇರೆ ಹತ್ತಿ ತೆಗೆದುಕೊಂಡು ಇನ್ನೊಂದು ಸುತ್ತು ಮುಟ್ಟಿಸಿದಳು. ನಾನು ಮತ್ತೆ ಕುಣಿದೆ. ಆಗ ಆ ಹತ್ತಿಯನ್ನು ನನ್ನ ಹೆಂಡತಿಯ ಅಂಗೈಯಲ್ಲಿಟ್ಟಳು.

"ನೋಡ್ರಿ ಕಾಕೂ, ತಣ್ಣಗ ಐತೇನು?"

"ಇಲ್ಲವಾ, ಒಣಾ ಹತ್ತಿ ಇದು."

"ಹಂಗಾದ್ರ ಕಾಕಾ ಯಾಕ ಕುಣದ್ರು?"

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕ ನಗು ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳಿಸಿತು. "ಇಷ್ಟು ವರ್ಷದಾಗ ಇವರನ್ನ ಹಿಡದಾಕಿ ನೀ ಒಬ್ಬಾಕೀನಽ ನೋಡವಾ!" ಜೆಟ್ಟಿಯ ಎಲ್ಲರನ್ನೂ ಕುಣಿಸಿದ ನನ್ನನ್ನು ಡಾಕ್ಟರಮ್ಮ ಒಣ ಹತ್ತಿಯಿಂದ ಕುಣಿಸಿದ್ದಳು. ನನ್ನ ಹಲ್ಲಿಗೆ ತಕ್ಕ ಡಾಕ್ಟರು ಸಿಕ್ಕಳು ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ.

ಸೀಟಿಯ ವಿಷಯವನ್ನೆಲ್ಲ ಬಿಚ್ಚಿ ಹೇಳಿದೆ. ಆಕೆ ನಗಲಿಲ್ಲ. "ಸುಳ್ಳು ಹೇಳಿದ್ರ ಯಾವ ಹಲ್ಲು ಸತ್ತೈತಿ ಅಂತ ನನಗ ಹೆಂಗ ತಿಳೀಬೇಕು? ಖರೇ ಹೇಳಿದ್ರ ಉಳಸಾಕ ನೋಡತೇನಿ. ಈ ಹಲ್ಲಿಗೆ ಯಾವಾಗರೆ ಪೆಟ್ಟು ಬಿದ್ದಿತ್ತೇನು?"

ಬಿದ್ದಿತ್ತು. ಬಾಯ್ನಾದಲ್ಲಿದ್ದಾಗ ಬಂದರಿನ ಲಾರಿಗಳಿಗೆ ಹೊದಿಸುವ ತಾಡಪತ್ರಿಯ ಹಗ್ಗ ನೆನೆದು ಗಂಟು ಕಲ್ಲಾಗುತ್ತಿತ್ತು. ನಾವೆಲ್ಲ ಅದನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದೆವು, ಪಂಥ ಕಟ್ಟಿದರೆ ನಾನೇ ಮೊದಲು. ಒಂದು ದಿನ ಗಂಟು ಬಾಯಲ್ಲಿದ್ದಾಗಲೇ ಲಾರಿ ಮುಂದಕ್ಕೆ ಜಗ್ಗಿತು. ರಕ್ತ ಬಂತು, ಎರಡು ದಿನ ನೋವು, ಮೂರನೇ ದಿನ ಏನೂ ಇಲ್ಲ. ನನ್ನ ಹಲ್ಲು ಲಾರಿಯನ್ನೇ ಸೋಲಿಸಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನೋವು ನಿಂತದ್ದು ಹಲ್ಲಿನೊಳಗಿನ ನರ ಸತ್ತು ಎಂದು ತಿಳಿದದ್ದು ಆ ಕುರ್ಚಿಯಲ್ಲಿ.

"ಸತ್ತ ನರ ಒಳಗಽ ಕೊಳೀತದ. ಆ ಹೊಲಸು ಬೇರಿನ ತುದಿಗೆ ಇಳದು ಅಲ್ಲೊಂದು ಚೀಲ ಆಗತದ. ನೀರು ತುಂಬಿಕೊಂಡು ಸಾವಕಾಶ ಎಲುಬು ಕರಗಿಸಿಕೋತ ಬೆಳೀತದ. ನೋವಿಲ್ಲಂತ ಬಿಟ್ರ ಒಂದಿನ ದವಡೀನಽ ಮುರೀಬಹುದು. ಕ್ಯಾನ್ಸರ್ ಇದ್ದಂಗ ಕಾಣಂಗಿಲ್ಲ, ಆದ್ರೂ ತಗದ ಮ್ಯಾಲ ಚೀಲಾನ ಪರೀಕ್ಷಾಕ ಕಳಸೋಣು" ಎಂದಳು. ಹೆಂಡತಿ ಆಗ ಮೊದಲ ಸಲ ಉಸಿರು ಬಿಟ್ಟಳು.

ಆಷಾಢದ ಮಳೆಯಲ್ಲಿ ನಾಲ್ಕು ಸಲ ಬಸ್ಸು ಹತ್ತಿದೆವು. ಎರಡೂ ಹಲ್ಲಿನೊಳಗಿನ ಕೊಳೆ ತೆಗೆದು, ತೊಳೆದು ತುಂಬಿದರು. ಆಮೇಲೆ ಸೂಜಿ ಚುಚ್ಚಿ ತುಟಿ ಮರಗಟ್ಟಿಸಿ, ವಸಡು ಬಿಡಿಸಿ ಚೀಲವನ್ನು ಇಡಿಯಾಗಿ ಎತ್ತಿದರು, ಬೇರಿನ ತುದಿಗಳನ್ನು ಕತ್ತರಿಸಿ ಹೊಲಿಗೆ ಹಾಕಿದರು. ಬರಿ ನೀರಿನ ಚೀಲ, ಕ್ಯಾನ್ಸರ್ ಅಲ್ಲ ಎಂದು ಪರೀಕ್ಷೆಯ ಕಾಗದ ಬಂತು. ಅದನ್ನು ಹೆಂಡತಿ ಎರಡು ಸಲ ಓದಿಸಿಕೊಂಡಳು. ಎಲುಬು ತಾನೇ ತುಂಬಿಕೊಳ್ಳುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು, ಆರಾರು ತಿಂಗಳಿಗೆ ಎಕ್ಸ್‌ರೇ ತೆಗೆಸಬೇಕು, ತಾನು ಹೇಳುವವರೆಗೆ ಸೀಟಿ ಬೇಡ ಎಂದಳು ಡಾಕ್ಟರಮ್ಮ. ಒಪ್ಪಿಗೆ ಸಿಕ್ಕಿದ್ದು ಜೆಟ್ಟಿ ಶುರುವಾಗುವ ವಾರ.

ಕೆಲಸದ ಮೊದಲ ದಿನ ಮೇಲ್ವಿಚಾರಕರು ಕೈಕಟ್ಟಿ ನಿಂತಿದ್ದರು. ನನ್ನ ಜಾಗಕ್ಕೆ ಕರೆಸಿದ್ದವನೂ ಕೊರಳಿಗೆ ಪ್ಲಾಸ್ಟಿಕ್ ಸೀಟಿ ಹಾಕಿಕೊಂಡು ಪಕ್ಕದಲ್ಲೇ ಇದ್ದ. ತುಟಿ ಎಳೆದೆ. ಮೊದಲ ಸಲ ಬರಿ ಗಾಳಿ ಬಂತು. ಯಾರೋ ನಕ್ಕರು. ಇನ್ನೊಮ್ಮೆ ತುಟಿ ಬಿಗಿ ಮಾಡಿ, ನಾಲಿಗೆ ಮಡಚಿ, ಎರಡು ಗಿಡ್ಡ ಸೀಟಿ ಹೊಡೆದೆ. ದಂಡೆಗೆ ಬರುತ್ತಿದ್ದ ಹನ್ನೊಂದು ಲಾರಿ ಒಟ್ಟಿಗೆ ಗಕ್ಕನೆ ಬ್ರೇಕ್ ಹಾಕಿದವು.

"ಆತು, ನಿನ್ನ ಜಾಗಾಕ್ಕ ನೀ ಹೋಗು" ಎಂದರು ಮೇಲ್ವಿಚಾರಕರು.

ಆಮೇಲಿನ ವರ್ಷಗಳಲ್ಲಿ ಜೆಟ್ಟಿಯ ಹಲ್ಲುಗಳಿಗೆಲ್ಲ ನಾನೇ ಯಜಮಾನ. ಯಾರದೇ ಒಂದು ಹಲ್ಲು ಬೂದಿಬಣ್ಣಕ್ಕೆ ತಿರುಗಿದ್ದು ಕಂಡರೆ, ನೋವಿಲ್ಲ ಎಂದರೂ ಬಿಡದೆ ಆಸ್ಪತ್ರೆಗೆ ಅಟ್ಟುತ್ತಿದ್ದೆ. ಹಗ್ಗದ ಗಂಟು ಬಿಚ್ಚಲು ಪ್ರತಿ ಲಾರಿಗೂ ಒಂದು ದಬ್ಬಣ ಕಟ್ಟಿಸಿದೆ. ಬಾಯಿ ಹಾಕಿದವನ ಬೆನ್ನ ಹಿಂದೆ ಹೋಗಿ ಕಿವಿಯಲ್ಲೇ ಸೀಟಿ ಊದುತ್ತಿದ್ದೆ.

ಇದರಲ್ಲಿ ಸುಳ್ಳು ಒಂದೇ. ಆ ದಿನ ದಂಡೆಯಲ್ಲಿ ಹನ್ನೊಂದು ಲಾರಿ ಇರಲಿಲ್ಲ, ಇದ್ದದ್ದು ಒಂದೇ ಲಾರಿ. ಆದರೆ ಅದು ನಿಂತಿತು.